ಡಬ್ಬಿಯೊಳಗಿನ ನೋಟ್ ಪುಸ್ತಕ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲು ಎರಡು ಸಂಖ್ಯೆ ಹೇಳುತ್ತೇನೆ. ಉತ್ತರಕ್ಕೆ 12 ಡಿಗ್ರಿ 30 ಮಿನಿಟು, ಪೂರ್ವಕ್ಕೆ 75 ಡಿಗ್ರಿ. ಹೆಚ್ಚುಕಡಿಮೆ ಇದು ನಮ್ಮ ಕಾಸರಗೋಡು ಪೇಟೆಯ ವಿಳಾಸ. ಅಕ್ಷಾಂಶ, ರೇಖಾಂಶ ಅಂತ ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ನಕ್ಷೆಯಲ್ಲಿ ಗೆರೆ ಎಳೆಸಿದ್ದೇನೆ, ಪರೀಕ್ಷೆಯಲ್ಲಿ ಅಂಕ ಕೊಟ್ಟಿದ್ದೇನೆ. ಆ ಗೆರೆಗಳನ್ನೇ ಹಿಡಿದು ಒಂದು ಗೇರುಮರದ ಬುಡಕ್ಕೆ ನಡೆದು ಹೋಗಬಹುದು ಅಂತ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಕಲಿಸಿದವನು ನನ್ನ ತಂಗಿಯ ಮಗ.

ಈ ಹವ್ಯಾಸದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನು ಹೊರಗೆಲ್ಲೋ ಅಡಗಿಸಿ ಇಡುತ್ತಾರೆ. ಒಳಗೆ ಒಂದು ಸಣ್ಣ ನೋಟ್ ಪುಸ್ತಕ, ಪೆನ್ಸಿಲ್, ನಾಲ್ಕಾರು ಚಿಲ್ಲರೆ ಸಾಮಾನು. ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕಿದರೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಬೇಕು. ಒಂದು ಸಾಮಾನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಡಬ್ಬಿಯನ್ನು ಮೊದಲಿದ್ದ ಹಾಗೇ ಇಟ್ಟು ಬರಬೇಕು. ನಮ್ಮ ಕಡೆ ನಿಧಿ ಅಂದರೆ ಹಾರೆ ಪಿಕ್ಕಾಸು ಹಿಡಿದು ಹಳೆ ಕೋಟೆಯ ನೆಲ ಅಗೆಯುವವರು ನೆನಪಾಗುತ್ತಾರೆ. ಈ ಆಟದಲ್ಲಿ ನೆಲ ಅಗೆಯುವ ಹಾಗೇ ಇಲ್ಲ.

ಇದು ಶುರುವಾದ ದಿನ ಖಚಿತವಾಗಿ ಗೊತ್ತಿದೆ. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೈನ್ಯದ್ದು. ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿದ್ದರು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ನಮ್ಮ ಗುಡ್ಡೆಯಲ್ಲಿ ನೂರು ಮೀಟರ್ ಅಂದರೆ ಮೂರು ಮನೆಯ ತೋಟ ದಾಟಿ ಹೋಯಿತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಅದನ್ನು ನಿಲ್ಲಿಸಿದರು. ಮೇ 3ರಂದು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ ಅಡಗಿಸಿಟ್ಟು, ಅದರ ಸಂಖ್ಯೆಗಳನ್ನು ಎಲ್ಲರಿಗೂ ತಿಳಿಸಿದರು. ಅದರೊಳಗೆ ಪುಸ್ತಕ, ಸ್ವಲ್ಪ ಹಣ, ಒಂದು ಕವಣೆ, ಒಂದು ಬೀನ್ಸ್ ಡಬ್ಬಿ ಎಲ್ಲ ಇತ್ತು. ಮೊದಲು ಹುಡುಕಿದವರು ಮೈಕ್ ಟೀಗ್. ಅಲ್ಲಿಂದ ಇದು ಜಗತ್ತಿಗೆಲ್ಲ ಹಬ್ಬಿತು.

ಆಟ ಹುಟ್ಟಿ ಹದಿನಾರು ತಿಂಗಳಾಗಿತ್ತು. 2001ರ ಸೆಪ್ಟೆಂಬರ್ 11 ಬಂತು. ಅಮೆರಿಕದಲ್ಲಿ ಭಯೋತ್ಪಾದಕರು ಅಪಹರಿಸಿದ ನಾಲ್ಕು ವಿಮಾನ. ಸುಮಾರು ಮೂರು ಸಾವಿರ ಜೀವ. ಆ ಹೊಗೆಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನನ್ನ ತಂಗಿಯ ಮಗ ಆಗ ನ್ಯೂಜೆರ್ಸಿಯಲ್ಲಿ ಕೆಲಸಕ್ಕಿದ್ದ. ಅವನು ಅದನ್ನು ನ್ಯೂಯಾರ್ಕಿನ ಎದುರಿಗೆ, ನದಿಯ ಆಚೆ ದಡದಿಂದ ಕಣ್ಣಾರೆ ನೋಡಿದ. ಎರಡು ದಿನ ಫೋನ್ ಸಿಗಲಿಲ್ಲ. ತಂಗಿ ಊಟ ಬಿಟ್ಟಿದ್ದಳು.

ಆಮೇಲಿನ ದಿನಗಳ ಬಗ್ಗೆ ಅವನು ಬಹಳ ವರ್ಷ ಬಾಯಿ ಬಿಡಲಿಲ್ಲ. ಒಂದು ಸಲ ಮಳೆಗಾಲದಲ್ಲಿ ಊರಿಗೆ ಬಂದಾಗ, ಜಗಲಿಯಲ್ಲಿ ಕೂತು ಹೇಳಿದ. "ದೊಡ್ಡಮ್ಮ, ನನಗೆ ಆಗ ಹೊರಗೆ ಹೋಗಲು ಹೆದರಿಕೆ. ನನ್ನ ಬಣ್ಣ ನೋಡಿ ಜನ ಏನು ಅಂದುಕೊಳ್ಳುತ್ತಾರೋ ಅಂತ." ಅವನ ಹೆದರಿಕೆ ಸುಮ್ಮನೆ ಅಲ್ಲ. ಸೆಪ್ಟೆಂಬರ್ 15ರಂದು ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು, ಅವರದೇ ಪೆಟ್ರೋಲ್ ಬಂಕಿನ ಮುಂದೆ, ಗುಂಡು ಹಾರಿಸಿ ಕೊಂದಿದ್ದರು. ಕಂದು ಬಣ್ಣದ ಹುಡುಗನೊಬ್ಬ ಕೈಯಲ್ಲಿ ಯಂತ್ರ ಹಿಡಿದುಕೊಂಡು ಮರದ ಸಂದಿಯಲ್ಲಿ ಇಣುಕಿದರೆ ಯಾರಾದರೂ ಏನು ತಿಳಿಯಬಹುದು, ಹೇಳಿ.

ಆದರೂ ಮೂರನೇ ವಾರ ಅವನು ಒಂದು ಡಬ್ಬಿ ನೋಡಲು ಹೋದ. ಮನೆಯೊಳಗೆ ಕೂತು ಉಸಿರು ಕಟ್ಟಿತಂತೆ. ಅದು ಮೊದಲು ಒಮ್ಮೆ ನೋಡಿದ್ದ ಡಬ್ಬಿಯೇ, ಒಂದು ಕಾಡುದಾರಿಯ ಬದಿಯಲ್ಲಿ. ಅಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರು ಅದನ್ನೇ ಹುಡುಕುತ್ತಿದ್ದರು. ಇವನಿಗೆ ಎದೆ ಧಸಕ್ಕೆಂದಿತು. ಆ ಹೆಂಗಸು ಇವನ ಕೈಯ ಜಿಪಿಎಸ್ ನೋಡಿ, ನಿನಗೂ ಸಿಕ್ಕಲಿಲ್ಲವಾ ಮಗು ಅಂತ ಕೇಳಿದರು. ಇವನು ಕಲ್ಲಿನ ಹಿಂದೆ ಕೈ ಹಾಕಿ ತೆಗೆದುಕೊಟ್ಟ. ಮೂವರೂ ಅಲ್ಲೇ ಕೂತು ಡಬ್ಬಿ ತೆರೆದರು.

ನೋಟ್ ಪುಸ್ತಕದಲ್ಲಿ ಸಾಮಾನ್ಯವಾಗಿ ಜನ ಒಂದು ಸಾಲು ಬರೆಯುತ್ತಾರೆ. ಸಿಕ್ಕಿತು, ಥ್ಯಾಂಕ್ಸ್, ಇಷ್ಟೇ. ಸೆಪ್ಟೆಂಬರ್ 11ರಿಂದ ಈಚೆಗೆ ಆ ಪುಸ್ತಕದಲ್ಲಿ ಪುಟಗಟ್ಟಲೆ ಬರಹ ಇತ್ತಂತೆ. ಒಬ್ಬರು ಪಕ್ಕದ ಮನೆಯವರು ಬರಲಿಲ್ಲ ಅಂತ ಬರೆದಿದ್ದರು. ಮತ್ತೊಬ್ಬರು, ಆಕಾಶದಲ್ಲಿ ವಿಮಾನವೇ ಇಲ್ಲ, ಹಕ್ಕಿಯ ಕೂಗು ಜಾಸ್ತಿ ಕೇಳುತ್ತದೆ ಅಂತ. ಯಾರು ಓದುತ್ತಾರೆ ಅಂತ ಗೊತ್ತಿಲ್ಲದೆ ಬರೆದ ಮಾತುಗಳು. ಇವನು ಕನ್ನಡದಲ್ಲಿ ಎರಡು ಸಾಲು ಬರೆದ. ಕಿಸೆಯಲ್ಲಿ ಅಜ್ಜಿ ಕೊಟ್ಟ ಕೆಂಪು ಮಂಜೊಟ್ಟಿ ಬೀಜ ಇತ್ತು, ಅದನ್ನು ಡಬ್ಬಿಯೊಳಗೆ ಇಟ್ಟ. ಬದಲಿಗೆ ಏನೂ ತೆಗೆದುಕೊಳ್ಳಲಿಲ್ಲ.

ಪೆನ್ಸಿಲ್ವೇನಿಯಾದ ಶಾಂಕ್ಸ್‌ವಿಲ್‌ನಲ್ಲಿ ನಾಲ್ಕನೆಯ ವಿಮಾನ ಬಿದ್ದ ಹೊಲದ ಹತ್ತಿರವೂ ಜನ ಹೀಗೇ ಮಾಡಿದರು. ಅಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ ನಲವತ್ತು ಜನ ತೀರಿಹೋಗಿದ್ದರು. ದೊಡ್ಡ ಸ್ಮಾರಕ ಆಗುವ ಮೊದಲು ಅಲ್ಲಿದ್ದದ್ದು ಒಂದು ತಂತಿ ಬೇಲಿ. ಬಂದವರು ಟೋಪಿ, ಗೊಂಬೆ, ಬಾವುಟ, ಕೈಬರಹದ ಚೀಟಿ ಸಿಕ್ಕಿಸಿ ಹೋಗುತ್ತಿದ್ದರು. ಅವನ್ನೆಲ್ಲ ಎಸೆಯದೆ ಕಾಪಾಡಿ ಇಟ್ಟಿದ್ದಾರೆ. ಜಿಯೋಕ್ಯಾಶಿಂಗಿನಲ್ಲಿ ಡಬ್ಬಿಯೇ ಇಲ್ಲದ ಒಂದು ಬಗೆಯೂ ಇದೆ. ಸಂಖ್ಯೆ ಕೊಟ್ಟು, ಅಲ್ಲಿಗೆ ಹೋಗಿ ನೋಡಿ, ಒಂದು ಪ್ರಶ್ನೆಗೆ ಉತ್ತರ ತನ್ನಿ ಅನ್ನುತ್ತಾರೆ. ಸ್ಮಾರಕಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಹುಡುಕುವವನು ಗಡಿಬಿಡಿ ಮಾಡುವ ಹಾಗಿಲ್ಲ. ಕಲ್ಲಿನ ಮೇಲಿನ ಅಕ್ಷರ ಓದಲೇಬೇಕು.

ಡಬ್ಬಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1985ರಲ್ಲಿ ದೆಹಲಿಯಲ್ಲಿ ಟ್ರಾನ್ಸಿಸ್ಟರ್ ಬಾಂಬುಗಳು ಸಿಡಿದವು. ಬಸ್ಸಿನಲ್ಲಿ, ದಾರಿಬದಿಯಲ್ಲಿ ಬಿಟ್ಟುಹೋದ ರೇಡಿಯೋ ಪೆಟ್ಟಿಗೆಗಳು. ಈಗ ನೀವು ಪಕ್ಕದಲ್ಲಿಟ್ಟು ನನ್ನ ಮಾತು ಕೇಳುತ್ತಿದ್ದೀರಲ್ಲ, ಅಂಥದ್ದೇ. ಆಮೇಲೆ ನಮ್ಮ ಅಪ್ಪ, ದಾರಿಯಲ್ಲಿ ಏನು ಕಂಡರೂ ಮುಟ್ಟಬೇಡಿ ಅಂತ ನಮ್ಮ ಮನೆಯ ಸಣ್ಣ ಮಕ್ಕಳ ಹತ್ತಿರ ಆಣೆ ಮಾಡಿಸಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ಇವತ್ತಿಗೂ ಅದನ್ನೇ ಕೂಗಿ ಹೇಳುತ್ತಾರೆ. ಹೇಳಲೇಬೇಕು. ಅಮೆರಿಕದಲ್ಲೂ ಜಿಯೋಕ್ಯಾಶಿಂಗ್ ಡಬ್ಬಿಗಳನ್ನು ಬಾಂಬ್ ಅಂದುಕೊಂಡು ಪೊಲೀಸರು ಒಡೆದುಹಾಕಿದ್ದುಂಟು. ಹಾಗಾಗಿ ಡಬ್ಬಿಯ ಮೇಲೆ ಇದು ಇಂಥದ್ದು ಅಂತ ಬರೆದಿರಬೇಕು, ಶಾಲೆ, ಸೈನ್ಯದ ಜಾಗ, ರೈಲು ಹಳಿ ಇಂಥ ಕಡೆ ಇಡಬಾರದು. ಈ ನಿಯಮಗಳು ನನಗೆ ಒಪ್ಪಿಗೆ. ನಮ್ಮ ಗುಡ್ಡೆಯಲ್ಲಿ ಮಕ್ಕಳಿಗಾಗಿ ನಾವು ಇಟ್ಟದ್ದೂ ಒಂದೇ ಡಬ್ಬಿ, ನಮ್ಮದೇ ತೋಟದ ದರೆಯ ಕೆಳಗೆ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು.

ಆದರೆ ಮನಸ್ಸಿಗೆ ಒಂದು ಬೇಸರ ಇದೆ. ಗುರುತಿಲ್ಲದವರು ಬಿಟ್ಟುಹೋದ ಡಬ್ಬಿ ಅಂದರೆ ಹೆದರುವ ಕಾಲ ಬಂತು. ಆ ಕಾಲದಲ್ಲೇ ಗುರುತಿಲ್ಲದವರಿಗಾಗಿ ಡಬ್ಬಿ ಇಟ್ಟು, ಗುರುತಿಲ್ಲದವರ ಪುಸ್ತಕದಲ್ಲಿ ತಮ್ಮ ದುಃಖ ಬರೆದರಲ್ಲ ಆ ಜನ, ಅವರ ಮೇಲೆ ನನಗೆ ತುಂಬ ಗೌರವ.

ನಮ್ಮ ಪಾಲಿಗೂ ಒಂದು ಬೆಳಗಿನ ಜಾವ ಬಂತು. 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಇದ್ದದ್ದು 166 ಜನ. ಉಳಿದವರು ಎಂಟೇ ಮಂದಿ. ನಮ್ಮ ಕಾಸರಗೋಡಿನ ಎಷ್ಟೊಂದು ಮನೆಗಳವರು ಆ ದಿನ ಏರ್‌ಪೋರ್ಟಿನ ಹೊರಗೆ ಕಾರು ನಿಲ್ಲಿಸಿ ಕಾಯುತ್ತಿದ್ದರು. ಗುರುತು ಹಿಡಿಯಲಾಗದ ಹನ್ನೆರಡು ದೇಹಗಳನ್ನು ಕೂಳೂರು ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ಫಲ್ಗುಣಿ ನದಿಯ ಹತ್ತಿರ ಮಣ್ಣು ಮಾಡಿದರು. ಸ್ಮಾರಕ ಅಲ್ಲಿದೆ.

ಒಂದು ವರ್ಷ ಮೇ ತಿಂಗಳಲ್ಲಿ ತಂಗಿಯ ಮಗ ನನಗೆ ಎರಡು ಸಂಖ್ಯೆ ಕಳಿಸಿದ. "ದೊಡ್ಡಮ್ಮ, ಇದರಲ್ಲಿ ಡಬ್ಬಿ ಇಲ್ಲ. ಅಲ್ಲಿ ಏನು ಕೇಳಿಸುತ್ತದೆ ಅಂತ ಹೇಳಿದರೆ ಸಾಕು." ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು. ಮೊಬೈಲಿನ ಬಾಣ ತೋರಿಸಿದ ಕಡೆ ನಡೆದೆ. ಸಂಖ್ಯೆಯ ಕೊನೆಯ ಅಂಕಿ ಸರಿಹೊಂದುವಾಗ ಹುಲ್ಲಿನ ಮೇಲೆ ನಿಂತಿದ್ದೆ.

ಒಬ್ಬರು ಹಿರಿಯರು ಮರದ ನೆರಳಲ್ಲಿ ಕೂತಿದ್ದರು. ನಿಮ್ಮವರು ಯಾರಾದರೂ ಇದ್ದರಾ ಅಂತ ಮಲಯಾಳದಲ್ಲಿ ಕೇಳಿದರು. ಇಲ್ಲ, ಸುಮ್ನೆ ಬಂದೆ ಅಂದೆ. ಅವರು ಸರಿದು ಜಾಗ ಕೊಟ್ಟರು. ಗಾಳಿಯ ಸದ್ದು ಇತ್ತು, ದೂರದಲ್ಲಿ ಲಾರಿಗಳ ಸದ್ದು. ಸ್ವಲ್ಪ ಹೊತ್ತಿನಲ್ಲಿ ಬಜಪೆಯ ಕಡೆಯಿಂದ ಎದ್ದ ವಿಮಾನ ತಲೆಯ ಮೇಲೆ ಹೋಯಿತು. ಆ ಶಬ್ದ ಸಮುದ್ರದ ಕಡೆ ಕರಗುವವರೆಗೂ ಅವರು ಮೇಲೆಯೇ ನೋಡುತ್ತಿದ್ದರು.

ನನ್ನ ಚೀಲದಲ್ಲಿ ಒಂದು ನೋಟ್ ಪುಸ್ತಕ ಇತ್ತು. ತಾರೀಕು ಬರೆದೆ, ಹೆಸರು ಬರೆದೆ, ಕೇಳಿಸಿದ್ದನ್ನು ಬರೆದೆ. ಅವರು ನೋಡುತ್ತಿದ್ದರು. ಪುಸ್ತಕ, ಪೆನ್ಸಿಲ್ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡು ಕೂತರು. ಆಮೇಲೆ ನನ್ನ ಹೆಸರಿನ ಕೆಳಗೆ ಮಲಯಾಳ ಅಕ್ಷರದಲ್ಲಿ ಅವರ ಮಗನ ಹೆಸರು ಬರೆದರು.

ನಮಸ್ಕಾರ.