ಧನಸಹಾಯ ದನಸಹಾಯ ಆದಾಗ ನೆನಪಾದ ಮನುಷ್ಯ

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಉಪನ್ಯಾಸ ಕೊಡುವವನಲ್ಲ. ಇದೇ ಬೀದರಿನಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್ ಅಚ್ಚು ಹಾಕುವವನು. ಹಾಗಾಗಿ ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಒಂದು ಸಲ ಜಾತ್ರೆಯ ಹ್ಯಾಂಡ್‌ಬಿಲ್ ಬಂತು. ಕಡಿಮೆ ರೇಟು, ತೆಳು ಕಾಗದ. ಕೆಳಗಡೆ 8 ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಧನಸಹಾಯ ಮಾಡುವವರು ಕಮಿಟಿಯವರನ್ನು ಕಾಣಬೇಕು. ಸ್ಕ್ರೀನಿನ ಮೇಲೆ ಸರಿಯಾಗಿಯೇ ಇತ್ತು. ಆದರೆ ಕಾಗದ ಇಂಕು ಕುಡಿದು ಹರಡಿತು, ಧ ಅಕ್ಷರದ ಕೆಳಗಿನ ಆ ಸಣ್ಣ ಸೀಳು ಅದರಲ್ಲೇ ಕಲೆತುಹೋಯಿತು. ಊರಿಗೆಲ್ಲ ಹಂಚಿದ ಮೇಲೆ ನೋಡಿದರೆ ದನಸಹಾಯ! ಕಮಿಟಿಯ ಹಿರಿಯರೊಬ್ಬರು ಅಂಗಡಿಗೆ ಬಂದು, "ಆಕಳ ತರಬೇಕೋ ಎತ್ತು ತರಬೇಕೋ, ಅದನ್ನೂ ಬರದಬಿಡಬೇಕಿತ್ತಲ್ಲಪ್ಪ" ಅಂದರು.

ಅವತ್ತಿನಿಂದ ನನಗೆ ಅಚ್ಚಿನ ಅಕ್ಷರಗಳ ವಿನ್ಯಾಸ ಮಾಡುವ ಮ್ಯಾಥ್ಯೂ ಕಾರ್ಟರ್ ಅನ್ನುವವರ ಹೆಸರು ಬೇರೆ ಥರ ಕೇಳಿಸತೊಡಗಿತು.

ಕಾರ್ಟರ್ 1937ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ತಂದೆ ಹ್ಯಾರಿ ಕಾರ್ಟರ್ ಕೂಡ ಅಚ್ಚಿನ ಅಕ್ಷರದ ಇತಿಹಾಸ ಬಲ್ಲವರು. ಹುಡುಗ ಆಕ್ಸ್‌ಫರ್ಡ್‌ಗೆ ಹೋಗಬೇಕಿತ್ತು. ಅದಕ್ಕೂ ಮೊದಲು 1955ರಲ್ಲಿ ಹಾಲೆಂಡಿನ ಹಾರ್ಲೆಮ್‌ನಲ್ಲಿರುವ ಎನ್‌ಶೆಡೆ ಅಚ್ಚುಕೂಟಕ್ಕೆ ಕಲಿಯಲು ಹೋದರು. ಅಲ್ಲೇ ಅಕ್ಷರದ ಹುಚ್ಚು ಹತ್ತಿತು, ಆಕ್ಸ್‌ಫರ್ಡ್ ಅಲ್ಲಿಗೇ ನಿಂತುಹೋಯಿತು.

ಅಲ್ಲಿ ಅವರು ಕಲಿತದ್ದು ಏನು? ಉಕ್ಕಿನ ಸರಳಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ, ಅಚ್ಚಾಗುವ ಅಳತೆಯಲ್ಲೇ ಕೈಯಿಂದ ಕೆತ್ತುವುದು. ಆ ಸರಳನ್ನು ತಾಮ್ರದ ತುಂಡಿಗೆ ಹೊಡೆದರೆ ಗುಳಿ ಬೀಳುತ್ತದೆ. ಗುಳಿಗೆ ಸೀಸ ಎರೆದರೆ ಅಚ್ಚಿನ ಮೊಳೆ ತಯಾರು. ಬಿದ್ರಿ ಕೆಲಸ ನೋಡಿ ಬೆಳೆದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ನಮ್ಮ ಕುಶಲಕರ್ಮಿ ಹೂಜಿಗೆ ಮೈಲುತುತ್ತ ಸವರಿ, ಆ ಕಪ್ಪಿನ ಮೇಲೆ ಬಳ್ಳಿ ಗೀಚಿ, ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾನಲ್ಲ, ಅವನಿಗೆ ಲೋಹ ಎಲ್ಲಿ ಮಾತು ಕೇಳುತ್ತದೆ, ಎಲ್ಲಿ ಕೇಳುವುದಿಲ್ಲ ಅನ್ನುವುದು ಬೆರಳಿಗೇ ಗೊತ್ತಿರುತ್ತದೆ. ಕಾರ್ಟರ್ ಕಲಿತದ್ದೂ ಅದನ್ನೇ ಅಂತ ನನ್ನ ಲೆಕ್ಕ. ಆ ವಿದ್ಯೆ ಆಗಲೇ ಸಾಯುತ್ತಿತ್ತು. ಆಮೇಲೆ ಅವರು ಸೀಸದ ಬದಲು ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋ ಕಂಪೋಸಿಂಗ್‌ಗೂ, ಅಲ್ಲಿಂದ ಕಂಪ್ಯೂಟರಿಗೂ ದಾಟಿದರು. ಮೂರು ಕಾಲದಲ್ಲೂ ಕೆಲಸ ಮಾಡಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೆಲಿಫೋನ್ ಡೈರೆಕ್ಟರಿ ಕೆಲಸ. ಅಮೆರಿಕದ ಎಟಿ ಅಂಡ್ ಟಿ ಕಂಪನಿಗೆ ನೂರು ವರ್ಷ ತುಂಬಿದ ನೆನಪಿಗೆ ಡೈರೆಕ್ಟರಿಗೊಂದು ಹೊಸ ಅಕ್ಷರ ಬೇಕಾಗಿತ್ತು. 6 ಪಾಯಿಂಟಿನಷ್ಟು ಸಣ್ಣದು, ಅಗ್ಗದ ಕಾಗದ, ಓಡುವ ಮಷೀನು. ನನ್ನ ಹ್ಯಾಂಡ್‌ಬಿಲ್ಲಿನದೇ ಕಥೆ, ಏನು, ಅಲ್ಲಿ ಲಕ್ಷಗಟ್ಟಲೆ ಪ್ರತಿ. ಕಾರ್ಟರ್ ಏನು ಮಾಡಿದರು ಗೊತ್ತಾ? ಇಂಕು ಹರಡಿಯೇ ಹರಡುತ್ತದೆ ಅಂತ ಮೊದಲೇ ಒಪ್ಪಿಕೊಂಡರು. ಎರಡು ಗೆರೆ ಸೇರುವ ಮೂಲೆಯಲ್ಲಿ ಕಚ್ಚು ಹಾಕಿ ಜಾಗ ಖಾಲಿ ಬಿಟ್ಟರು. ದೊಡ್ಡದು ಮಾಡಿ ನೋಡಿದರೆ ಇಲಿ ಕಡಿದ ಹಾಗೆ ಕಾಣುತ್ತದೆ. ಅಚ್ಚಾದಾಗ ಇಂಕು ಬಂದು ಆ ಕಚ್ಚು ತುಂಬುತ್ತದೆ, ಅಕ್ಷರ ನೆಟ್ಟಗಾಗುತ್ತದೆ. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆದ ಅಕ್ಷರ ಅದು. 1978ರಲ್ಲಿ ಬಳಕೆಗೆ ಬಂತು, ಹೆಸರು ಬೆಲ್ ಸೆಂಟೆನಿಯಲ್.

1981ರಲ್ಲಿ ಗೆಳೆಯ ಮೈಕ್ ಪಾರ್ಕರ್ ಮತ್ತಿತರರ ಜೊತೆ ಸೇರಿ ಬಿಟ್‌ಸ್ಟ್ರೀಮ್ ಕಟ್ಟಿದರು. ಅಕ್ಷರ ಜೋಡಿಸುವ ಮಷೀನು ಮಾರದೆ ಬರೀ ಡಿಜಿಟಲ್ ಅಕ್ಷರ ಮಾರುವ ಕಂಪನಿ. ಆ ವ್ಯಾಪಾರದ ಕಥೆ ಈಗ ಬೇಡ, ವರ್ಡಾನಾ ಅನ್ನುವ ಕಂಪ್ಯೂಟರ್ ಫಾಂಟಿಗೆ ಬರೋಣ. ಮೈಕ್ರೋಸಾಫ್ಟ್‌ನವರಿಗಾಗಿ ಮಾಡಿದ್ದು, 1996ರಲ್ಲಿ ಬಂತು. ಆಗಿನ ಮಾನಿಟರಿನಲ್ಲಿ ಚುಕ್ಕೆಗಳು ದಪ್ಪ, ಸಣ್ಣ ಅಕ್ಷರ ಅಂದರೆ ಬರೀ ಮೆಟ್ಟಿಲು ಮೆಟ್ಟಿಲು. ಸಾಮಾನ್ಯವಾಗಿ ಅಂದವಾದ ಗೆರೆ ಬರೆದು ಆಮೇಲೆ ಅದನ್ನು ಚುಕ್ಕೆಗೆ ಬಗ್ಗಿಸುತ್ತಾರೆ. ಕಾರ್ಟರ್ ಉಲ್ಟಾ ಹೋದರು. ಮೊದಲು ಚುಕ್ಕೆಯಲ್ಲೇ ಅಕ್ಷರ ಕೂರಿಸಿ, ಅದು ಓದಲು ಬಂದ ಮೇಲೆ ಸುತ್ತ ಗೆರೆ ಎಳೆದರು. ಇಂಗ್ಲಿಷಿನ ದೊಡ್ಡ ಐ, ಸಣ್ಣ ಎಲ್, ಅಂಕಿ 1 ಒಂದಕ್ಕೊಂದು ಕಲೆಯದ ಹಾಗೆ ನೋಡಿಕೊಂಡರು.

ಈಗ ನಮ್ಮ ಅಕ್ಷರಕ್ಕೆ ಬನ್ನಿ. ಥ ಅಕ್ಷರದ ಹೊಟ್ಟೆಯ ಚುಕ್ಕೆ, ಧ ಅಕ್ಷರದ ಸೀಳು, ರಾಷ್ಟ್ರ ಅಂತ ಬರೆದರೆ ಕೆಳಗೆ ಸಾಲುಗಟ್ಟುವ ಒತ್ತು, ಆ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುವುದು. ಇಷ್ಟೆಲ್ಲ ಇಟ್ಟುಕೊಂಡು ನಾವು ಫಾಂಟ್ ಹೇಗೆ ಆರಿಸುತ್ತೇವೆ? 72 ಪಾಯಿಂಟಿಗೆ ಹಿಗ್ಗಿಸಿ, ಚಂದ ಇದೆಯಾ ಅಂತ ನೋಡಿ. ನಾನೂ ಹಾಗೇ ಮಾಡುತ್ತಿದ್ದೆ, ಸುಮ್ನೆ ನಿಮಗೆ ಬೈಯುತ್ತಿಲ್ಲ.

ಹೋದ ತಿಂಗಳು, ತಿದ್ದಲು ಅನುಮತಿ ಇರುವ ಒಂದು ಓಪನ್ ಸೋರ್ಸ್ ಕನ್ನಡ ಫಾಂಟ್ ತೆಗೆದುಕೊಂಡು ಧ ಸೀಳನ್ನು ಸ್ವಲ್ಪ ಉದ್ದ ಮಾಡಿ, ಅದು ಮೈಗೆ ಅಂಟುವ ಕಡೆ ಎರಡೂ ಬದಿ ಕೆತ್ತಿದೆ. ಸ್ಕ್ರೀನಿನಲ್ಲಿ ವಿಕಾರವಾಗಿದೆ, ನನ್ನ ಹೆಂಡತಿ ನೋಡಿ ನಕ್ಕಳು. ಅದೇ ತೆಳು ಕಾಗದದ ಮೇಲೆ, ಅದೇ 8 ಪಾಯಿಂಟಿನಲ್ಲಿ ಹಳೆಯದು ಒಂದು, ತಿದ್ದಿದ್ದು ಒಂದು ಅಚ್ಚು ಹಾಕಿ ತಂದಿದ್ದೇನೆ. ಯಾವುದು ಯಾವುದು ಅಂತ ಹೇಳುವುದಿಲ್ಲ. ಮುಂದಿನ ಸಾಲಿನವರು ತಗೊಂಡು ಹಿಂದಕ್ಕೆ ದಾಟಿಸ್ರಿ. ಭೂತಗನ್ನಡಿ ಒಂದೇ ಇದೆ, ಮೊದಲು ಬರಿಗಣ್ಣಲ್ಲಿ ಓದಿ.