ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಕೈಗೆ ಎಷ್ಟು ಬಂತು?

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ, ಅದೂ ಮೈಸೂರಿನಲ್ಲಿ, ಮಸಾಲೆದೋಸೆ ಬಿಟ್ಟು ಉಪನ್ಯಾಸ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಒಂದೋ ನಿಮ್ಮ ಬೀರುವಿನಲ್ಲಿ ಮಾರಬೇಕಾದ ಹಳೇ ಸಾಮಾನು ಏನೋ ಇದೆ, ಇಲ್ಲವೇ ಈಗಾಗಲೇ ಮಾರಿ ಕೈ ಸುಟ್ಟುಕೊಂಡಿದ್ದೀರಿ. ನಾನು ಎರಡನೇ ಗುಂಪಿನವನು. ಮೇಜಿನ ಮೇಲೆ ಒಂದು ಸ್ಪೀಡೋಮೀಟರ್ ಇಟ್ಟಿದ್ದೇನೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಸೋದರಮಾವನ ವಿಷಯ. ಮಂಡ್ಯದ ಹತ್ತಿರ ಅವರದೊಂದು ಆಲೆಮನೆ ಇತ್ತು. ಬೆಲ್ಲ ತುಂಬಿಕೊಂಡು ಮಂಡಿಗೆ ಹೋಗಿ ಸಂಜೆ ವಾಪಸ್ ಬಂದಾಗ ನಮ್ಮತ್ತೆ ಯಾವತ್ತೂ 'ರೇಟು ಎಷ್ಟು ಕೂಗಿದರು' ಅಂತ ಕೇಳುತ್ತಿರಲಿಲ್ಲ. 'ಕೈಗೆ ಎಷ್ಟು ಬಂತು' ಅಂತಲೇ ಕೇಳುತ್ತಿದ್ದರು. ದಲ್ಲಾಳಿ ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಉಳಿದದ್ದೇ ಬೆಲೆ. ಓದು ಬರಹ ಜಾಸ್ತಿ ಇಲ್ಲದ ನಮ್ಮತ್ತೆಗೆ ಗೊತ್ತಿದ್ದ ಈ ಲೆಕ್ಕ, ಆನ್‌ಲೈನ್ ಹರಾಜಿಗೆ ಇಳಿದಾಗ ನನಗೆ ಮರೆತೇಹೋಗಿತ್ತು.

ಸರಿ, ಲೆಕ್ಕ ಹಾಕೋಣ. ಇಬೇ ಅನ್ನುವ ಆನ್‌ಲೈನ್ ಹರಾಜು ತಾಣವನ್ನೇ ತೆಗೆದುಕೊಳ್ಳಿ. 1995ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅಲ್ಲಿ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಹೇಳಿಯೇ ಮಾರಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಭಾರತದೊಳಗಿನ ಅದರ ತಾಣ 2018ರಲ್ಲಿ ಮುಚ್ಚಿತು. ಈಗ ಇಲ್ಲಿಂದ ಅದರಲ್ಲಿ ಮಾರುವವರು ಹೊರದೇಶದ ಗಿರಾಕಿಗಳಿಗೇ ಮಾರುವುದು.

ಅಮೆರಿಕದಲ್ಲಿ ಹೆಚ್ಚಿನ ಬಗೆಯ ಸಾಮಾನಿಗೆ ಅದರ ಕಮಿಷನ್ ನೂರಕ್ಕೆ 13ರ ಮೇಲಿದೆ. ದೇಶ ಬೇರೆಯಾದರೆ, ಸಾಮಾನಿನ ಬಗೆ ಬೇರೆಯಾದರೆ ದರವೂ ಬೇರೆ. ದರಕ್ಕಿಂತ ನೋಡಬೇಕಾದ ವಿಷಯ ಇನ್ನೊಂದಿದೆ. ಆ 13 ಯಾವುದರ ಮೇಲೆ? ನಿಮ್ಮ ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಅಂಚೆ ಖರ್ಚೂ ಸೇರಿಸಿ ಗಿರಾಕಿ ಕೊಟ್ಟ ಒಟ್ಟು ಮೊತ್ತದ ಮೇಲೆ.

ಉದಾಹರಣೆಗೆ ನಿಮ್ಮ ವಸ್ತು 10,000 ರೂಪಾಯಿಗೆ ಹೋಯಿತು ಅಂದುಕೊಳ್ಳಿ. ಅಂಚೆ ಖರ್ಚು ಅಂತ ಗಿರಾಕಿಯಿಂದ 1,500 ತೆಗೆದುಕೊಂಡಿರಿ. ಒಟ್ಟು 11,500. ಅದಕ್ಕೆ ನೂರಕ್ಕೆ 13 ಅಂದರೆ 1,495 ಹೋಯಿತು. ಉಳಿದದ್ದು 10,005. ಡಾಲರ್ ರೂಪಾಯಿ ಆಗುವಾಗ ನೂರಕ್ಕೆ 3 ಹೋಯಿತು ಅಂದುಕೊಂಡರೆ ಇನ್ನೊಂದು 300. ಆ ಅಂಚೆಯ 1,500 ನೀವು ನಿಜವಾಗಿಯೂ ಕಟ್ಟಬೇಕಲ್ವಾ? ಡಬ್ಬ, ಬಬಲ್ ಶೀಟು, ಟೇಪು ಅಂತ 250. ಕೊನೆಗೆ ಕೈಗೆ ಬಂದದ್ದು 7,955. 'ನಿಮ್ಮ ಸಾಮಾನನ್ನು ಮೇಲೆ ತೋರಿಸುತ್ತೇವೆ' ಅಂತ ಒಂದು ಜಾಹೀರಾತಿನ ಗುಂಡಿ ಇರುತ್ತದೆ. ಅದನ್ನೂ ಒತ್ತಿ ನೂರಕ್ಕೆ 5 ಒಪ್ಪಿಕೊಂಡಿದ್ದರೆ ಮತ್ತೆ 575 ಕಳೆಯಿರಿ. ಉಳಿಯುವುದು 7,380. ನೀವು ಮಾತ್ರ ನೆಂಟರ ಹತ್ತಿರ ಹೇಳುವುದು 'ಹತ್ತು ಸಾವಿರಕ್ಕೆ ಹೋಯ್ತು ಕಣ್ರೀ' ಅಂತಲೇ.

ದೊಡ್ಡ ಹರಾಜು ಮನೆಗಳ ಲೆಕ್ಕ ಬೇರೆ. ಅಲ್ಲಿ ಸುತ್ತಿಗೆ ಬಿದ್ದ ಬೆಲೆಯ, ಅಂದರೆ ಕೊನೆಯ ಕೂಗಿನ ಬೆಲೆಯ ಮೇಲೆ ಕೊಳ್ಳುವವರು ಪ್ರೀಮಿಯಂ ಅಂತ ಹೆಚ್ಚುವರಿ ದುಡ್ಡು ಹರಾಜು ಮನೆಗೆ ಕೊಡಬೇಕು. 1975ರಲ್ಲಿ ಲಂಡನ್ನಿನ ಸದಬೀಸ್ ಮತ್ತು ಕ್ರಿಸ್ಟೀಸ್ ಶುರುಮಾಡಿದ ಪದ್ಧತಿ ಅದು. 'ಅದು ಕೊಳ್ಳುವವನ ತಲೆನೋವು, ನಮಗೇನು' ಅನ್ನುತ್ತಾರೆ ಸುಮಾರು ಜನ. ಹಾಗಲ್ಲ ಸ್ವಾಮಿ. ಜೇಬಿನಲ್ಲಿ 12,000 ಇಟ್ಟುಕೊಂಡು ಬಂದವನು ನೂರಕ್ಕೆ 20 ಪ್ರೀಮಿಯಂ ಇದೆ ಅಂತ ಗೊತ್ತಾದರೆ 10,000ಕ್ಕೇ ಕೈ ಇಳಿಸುತ್ತಾನೆ. ಆ 2,000 ನಿಮಗೆ ಬರಬೇಕಾಗಿದ್ದ ದುಡ್ಡೇ. ಮೇಲೆ ನಿಮ್ಮಿಂದಲೂ ಕಮಿಷನ್ ಬೇರೆ. ಮಾರುವವರ ಕಮಿಷನ್ ಬಗ್ಗೆ ಆ ಎರಡು ಮನೆಗಳು 1990ರ ದಶಕದಲ್ಲಿ ಒಳಗೊಳಗೇ ಮಾತಾಡಿಕೊಂಡು ಸಿಕ್ಕಿಬಿದ್ದವು. ಗಿರಾಕಿಗಳಿಗೆ ಎರಡೂ ಸೇರಿ 51.2 ಕೋಟಿ ಡಾಲರ್ ಕೊಡಬೇಕಾಯಿತು. ಸದಬೀಸ್ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್‌ಮನ್ ಜೈಲಿಗೂ ಹೋಗಿಬಂದರು. ಕೋಟು ಟೈ ಹಾಕಿದ ದಲ್ಲಾಳಿಯೂ ದಲ್ಲಾಳಿಯೇ.

ಪೇಪರಿನಲ್ಲಿ ಬರುವ ಬೆಲೆ ಓದುವಾಗಲೂ ಹುಷಾರಾಗಿರಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಮನೆಯಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು ಅಂತ ಓದಿದಿರಿ. ನಮ್ಮ ಶ್ರೀರಂಗಪಟ್ಟಣದಿಂದ ಹೋದ ಕತ್ತಿ. ಆ ಮೊತ್ತದೊಳಗೆ ಪ್ರೀಮಿಯಂ ಸೇರಿದೆ. ಮಾರಿದವರಿಗೆ ಅಷ್ಟೂ ಸಿಗಲಿಲ್ಲ.

ನಮ್ಮ ದೇಶದ ಇ-ಕಾಮರ್ಸ್ ತಾಣದ ಮೂಲಕ ಮಾರುವವರಿಗೆ ಟಿಡಿಎಸ್, ಅಂದರೆ ದುಡ್ಡು ಕೈಗೆ ಬರುವ ಮೊದಲೇ ಹಿಡಿಯುವ ಆದಾಯ ತೆರಿಗೆ ಕೂಡ ಇದೆ. 2024ರ ಅಕ್ಟೋಬರ್‌ನಿಂದ ಅದು ನೂರಕ್ಕೆ 0.1ಕ್ಕೆ ಇಳಿದಿದೆ. ವರ್ಷಕ್ಕೆ 5 ಲಕ್ಷ ಮೀರದೆ ಮಾರುವ ನಮ್ಮಂಥವರು ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಅದೂ ಇಲ್ಲ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ ಕಾನೂನು ಬೇರೆ ಇದೆ. ಇಲ್ಲಿ ಕೂತವರಲ್ಲಿ ಅರ್ಧ ಜನರ ಹತ್ತಿರ ಟಿಪ್ಪುವಿನ ಆನೆ ಪೈಸೆಯೋ, ಮುಮ್ಮಡಿ ಕೃಷ್ಣರಾಜ ಒಡೆಯರ 'ಮಯಿಲಿ ಕಾಸು'ವೋ ಇರಬಹುದು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಹಸ್ತಪ್ರತಿಗಳಿಗಾದರೆ 75 ವರ್ಷ ಸಾಕು. ಅದನ್ನು ನೀವಾಗಿಯೇ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ದೇಶದೊಳಗೂ ಅದನ್ನೇ ವ್ಯಾಪಾರ ಮಾಡಿಕೊಂಡರೆ ಲೈಸೆನ್ಸ್ ಬೇಕು. ಇನ್ನೊಂದು ತಮಾಷೆ ಏನೆಂದರೆ, ಈ ನೂರರ ಗೆರೆ ವರ್ಷಕ್ಕೊಂದು ವರ್ಷ ಮುಂದೆ ಸರಿಯುತ್ತಾ ಇರುತ್ತದೆ. ಹತ್ತು ವರ್ಷದ ಹಿಂದೆ ಯಾರೋ ಧಾರಾಳವಾಗಿ ಕಳಿಸಿದ ಐದನೇ ಜಾರ್ಜನ ರೂಪಾಯಿಯನ್ನು ಇವತ್ತು ನೀವು ಕಳಿಸುವ ಹಾಗಿಲ್ಲದೆ ಇರಬಹುದು. ಅದರ ಮೇಲಿನ ಇಸವಿ ನೋಡಿ.

ಇಸವಿ ಅಂದಾಗ ನೆನಪಾಯಿತು. ಟಿಪ್ಪು ಆಮೇಲಿನ ತನ್ನ ನಾಣ್ಯಗಳಲ್ಲಿ ಮೌಲೂದಿ ಶಕೆ ಅನ್ನುವ ಬೇರೆಯೇ ವರ್ಷದ ಎಣಿಕೆ ಬಳಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಅನ್ನುವುದು ನಮ್ಮ ಹಾಗೆ ಓದಿದರೆ 6121 ಆಗಿ ಕಾಣುತ್ತದೆ. ಇದು ಗೊತ್ತಿಲ್ಲದೆ ತಪ್ಪು ವಿವರ ಹಾಕಿದರೆ, ಗಿರಾಕಿ 'ವಿವರದಲ್ಲಿ ಹೇಳಿದ ಹಾಗಿಲ್ಲ' ಅಂತ ವಾಪಸ್ ಕಳಿಸಬಹುದು. ಆ ಒಂದು ವಾಕ್ಯಕ್ಕೆ ಆನ್‌ಲೈನ್ ಹರಾಜಿನಲ್ಲಿ ಬಹಳ ಬಲ. ಈಗ ಸ್ಪೀಡೋಮೀಟರ್ ಕಥೆ ಹೇಳುತ್ತೇನೆ.

ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ನಿಮಗೆಲ್ಲ ಗೊತ್ತು. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ್ದು, 1996ರಲ್ಲಿ ಬಾಗಿಲು ಹಾಕಿದ್ದು. ನಮ್ಮಪ್ಪನ ಹತ್ತಿರ ಒಂದು ಜಾವಾ ಇತ್ತು. ಗಾಡಿ ಗುಜರಿಗೆ ಹೋಯಿತು, ಸ್ಪೀಡೋಮೀಟರ್ ಮಾತ್ರ ಅಟ್ಟದ ಮೇಲೆ ಉಳಿಯಿತು. ಗಾಜಿನೊಳಗೆ ಅಂಚಿನುದ್ದಕ್ಕೂ ಹಳದಿ ಬಣ್ಣ ಏರಿತ್ತು. ಮುಳ್ಳು ಸೊನ್ನೆಗೆ ಬರದೆ ಹತ್ತರ ಹತ್ತಿರ ನಿಂತಿರುತ್ತಿತ್ತು. ಹಿಂಬದಿಯ ಡಬ್ಬಿಯ ಮೇಲೆ ಅಪ್ಪ ಮೊಳೆಯಿಂದ 'ರಾ' ಅಂತ ಗೀಚಿದ್ದರು. ರಿಪೇರಿಗೆ ಕೊಟ್ಟಾಗ ಅದಲುಬದಲಾಗದಿರಲಿ ಅಂತ.

ಒಂದು ಹರಾಜು ತಾಣದಲ್ಲಿ ಹಾಕಿದೆ. ಮುಂಭಾಗದ ನಾಲ್ಕು ಚೆಂದದ ಫೋಟೋ. ಬೇರೆ ರಾಜ್ಯದವರೊಬ್ಬರು ಕೊನೇ ನಿಮಿಷದಲ್ಲಿ ಕೂಗಿ ತೆಗೆದುಕೊಂಡರು. ತಲುಪಿದ ಎರಡನೇ ದಿನ 'ವಿವರದಲ್ಲಿ ಹೇಳಿದ ಹಾಗಿಲ್ಲ, ವಾಪಸ್' ಅಂದರು. ತಾಣದವರು ಅವರ ದುಡ್ಡು ಅವರಿಗೆ ಕೊಟ್ಟರು, ಡಬ್ಬ ನನಗೆ ಬಂತು. ಬಿಚ್ಚಿ ನೋಡಿದರೆ ಗಾಜು ಥಳಥಳ, ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ, ಸ್ಕ್ರೂಗಳು ಹೊಸವು. ತಿರುಗಿಸಿದೆ. 'ರಾ' ಇಲ್ಲ. ಇದು ಯಾವುದೋ ನಕಲಿ, ನನ್ನದಲ್ಲ ಅಂತ ದೂರು ಬರೆದೆ. ತಾಣದವರು ಸಾಕ್ಷಿ ಕೇಳಿದರು. ಗುರುತು ಇದ್ದದ್ದು ಹಿಂದೆ, ನಾನು ಫೋಟೋ ತೆಗೆದದ್ದು ಮುಂದೆ. ಹಳದಿ ಗಾಜು ಕಂಡರೆ ಬೆಲೆ ಇಳಿದೀತು ಅಂತ ಬೆಳಕು ಹೊಡೆಯುವ ಹಾಗೆ ತೆಗೆದಿದ್ದೆ ಬೇರೆ. ಆ ಲೇಸರ್ ಪಾಯಿಂಟರ್ ಮಾರಿದವನ ಬುದ್ಧಿ ನನಗಿರಲಿಲ್ಲ. ಕೊರತೆ ಮುಚ್ಚಿಟ್ಟೆ, ಜೊತೆಗೆ ಗುರುತೂ ಮುಚ್ಚಿಹೋಯಿತು.

ಈಗ ನಾನು ಮಾಡುವುದು ಇಷ್ಟು. ವಸ್ತುವಿನ ಹಿಂದೆ, ಮುಂದೆ, ಅಂಚು, ಗೀಚು, ಬಿರುಕು ಎಲ್ಲ ಫೋಟೋ. ನಾಣ್ಯವಾದರೆ ತಕ್ಕಡಿಯ ಮೇಲಿಟ್ಟು ತೂಕದ ಸಮೇತ. ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಮ್ಮಿ. ವಾಪಸ್ ಬಂದದ್ದು 9 ಗ್ರಾಂ ತೂಗಿದರೆ ವಾದವೇ ಬೇಡ. ಡಬ್ಬ ಕಟ್ಟುವಾಗ ವಸ್ತುವಿನಿಂದ ಹಿಡಿದು ವಿಳಾಸದ ಚೀಟಿ ಅಂಟಿಸುವವರೆಗೆ ನಿಲ್ಲಿಸದೆ ಒಂದೇ ವಿಡಿಯೋ. ಮನೆಯವರು ಮೊಬೈಲ್ ಹಿಡಿದುಕೊಂಡು 'ಮದುವೆ ವಿಡಿಯೋನೂ ಇಷ್ಟು ಜಾಗ್ರತೆಯಿಂದ ತೆಗೆಸಲಿಲ್ಲ ನೀವು' ಅನ್ನುತ್ತಾರೆ. ಅನ್ನಲಿ ಬಿಡಿ. ವಾಪಸ್ ಬಂದ ಡಬ್ಬವನ್ನೂ ವಿಡಿಯೋ ಮಾಡುತ್ತಲೇ ಬಿಚ್ಚುತ್ತೇನೆ.

ಇಲ್ಲೊಬ್ಬರು ಆಗಲೇ ಪಿಸುಗುಟ್ಟಿದರು, ಕಮಿಷನ್ನೇ ಇಲ್ಲದ ಜಾಹೀರಾತು ತಾಣಗಳಲ್ಲಿ ಮಾರಿದರಾಯಿತಲ್ಲ ಅಂತ. ಮಾರಬಹುದು. ಆದರೆ ಅಲ್ಲಿ ನಡುವೆ ಯಾರೂ ಇರುವುದಿಲ್ಲ. ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರು ಯಜಮಾನರ ಹಳೇ ಎಚ್‌ಎಂಟಿ ವಾಚನ್ನು 2,500ಕ್ಕೆ ಹಾಕಿದರು. ಹತ್ತೇ ನಿಮಿಷಕ್ಕೆ ಫೋನು. 'ಮಿಲಿಟರಿಯಲ್ಲಿದ್ದೇನೆ ಮೇಡಂ, ನಮ್ಮ ಹುಡುಗ ಬಂದು ತಗೊಂಡು ಹೋಗ್ತಾನೆ, ದುಡ್ಡು ಈಗಲೇ ಹಾಕ್ತೀನಿ.' ಚೌಕಾಸಿಯೇ ಇಲ್ಲ! ಅಲ್ಲೇ ಅನುಮಾನ ಬರಬೇಕಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆಗೂ ಚೌಕಾಸಿ ಮಾಡುವ ಊರು ನಮ್ಮದು. ಅವನು ಒಂದು ಕ್ಯೂಆರ್ ಕೋಡ್ ಕಳಿಸಿದ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ' ಅಂದ. ಹಾಕಿದರು. 2,500 ಹೋಯಿತು. 'ತಪ್ಪಾಯ್ತು ಮೇಡಂ, ವಾಪಸ್ ಹಾಕ್ತೀನಿ, ಇನ್ನೊಂದು ಸಲ ಸ್ಕ್ಯಾನ್ ಮಾಡಿ' ಅಂದ. ಇನ್ನೂ 5,000 ಹೋಯಿತು. ದುಡ್ಡು ಬರೋಕೆ ಪಿನ್ ಬೇಡ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಇನ್ನು 'ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ', 'ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ' ಅನ್ನುವವರು. ಇವರಿಗೆ ನಿಮ್ಮ ನೋಟು ಬೇಡವೇ ಬೇಡ. ಮೊದಲು ನೋಂದಣಿ ಶುಲ್ಕ 1,000, ಆಮೇಲೆ ಜಿಎಸ್‌ಟಿ ಅಂತ 8,000, ಆಮೇಲೆ ರಿಸರ್ವ್ ಬ್ಯಾಂಕ್ ಅನುಮತಿ ಪತ್ರ ಅಂತ ಇನ್ನಷ್ಟು. ಸೀಲು ಹೊಡೆದ ಕಾಗದವನ್ನೂ ವಾಟ್ಸಾಪಿನಲ್ಲಿ ಕಳಿಸುತ್ತಾರೆ. 2021ರ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿತು. ಹಳೇ ನೋಟು, ನಾಣ್ಯದ ಇಂಥ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ತಾನು ಯಾವ ಕಮಿಷನ್ನೂ ಕೇಳುವುದಿಲ್ಲ, ತನ್ನ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳುತ್ತೇವೆ ಅನ್ನುವವರೇ ಮೊದಲು ಮಾರುವವನಿಂದ ದುಡ್ಡು ಕೇಳಿದರೆ ಅದು ಹರಾಜಲ್ಲ, ಮೋಸ. ರಾಮದರ್ಬಾರ್ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ತಾಮ್ರದ ಬಿಲ್ಲೆ, ಅಕ್ಕಿಕಾಳನ್ನು ಅಯಸ್ಕಾಂತದ ಹಾಗೆ ಎಳೆಯುತ್ತದೆ ಅಂತ ನಂಬಿಸಿ ಮಾರುವ ಪಾತ್ರೆ, ಇವುಗಳ ಬಗ್ಗೆ ಮಾತೇ ಆಡುವುದಿಲ್ಲ. ಕಂಪನಿ ಅಂಥ ಬಿಲ್ಲೆ ಹೊಡೆಸಿಯೇ ಇಲ್ಲ.

ಮಾರುವವರೂ ಮೋಸ ಮಾಡುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಊರ ಜಾತ್ರೆಯಲ್ಲಿ ದೇವರ ಹಾರಕ್ಕೆ ಸವಾಲು ಕೂಗುವಾಗ ನಮ್ಮವನೇ ಒಬ್ಬ ಹಿಂದೆ ನಿಂತು ಸುಮ್ನೆ ನೂರು, ಇನ್ನೂರು ಏರಿಸುತ್ತಾನಲ್ಲ, ದೇವಸ್ಥಾನಕ್ಕೆ ಬರಲಿ ಅಂತ? ಅಲ್ಲಿ ನಗುತ್ತೇವೆ. ಆನ್‌ಲೈನಿನಲ್ಲಿ ಭಾಮೈದನ ಹೆಸರಲ್ಲಿ ಖಾತೆ ತೆಗೆದು ಅದನ್ನೇ ಮಾಡಿದರೆ ಖಾತೆ ಮುಚ್ಚಿಸುತ್ತಾರೆ. ಎಷ್ಟೋ ಸಲ ಭಾಮೈದನೇ ಗೆದ್ದುಬಿಡುತ್ತಾನೆ, ಕಮಿಷನ್ ನೀವು ಕಟ್ಟುತ್ತೀರಿ. ಕಮ್ಮಿಗೆ ಹೋದೀತು ಅನ್ನುವ ಭಯ ಇದ್ದರೆ ಕನಿಷ್ಠ ಬೆಲೆ ಇಟ್ಟೇ ಶುರುಮಾಡಿ.

ಮೋಸದಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 'ನಾಳೆ ನೋಡೋಣ, ಮಗ ಬೆಂಗಳೂರಿನಿಂದ ಬರಲಿ' ಅನ್ನಬೇಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಬೇಕು. ನಮ್ಮ ಟೀಚರ್ ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು. ವಾಚು ಮಾತ್ರ ಇನ್ನೂ ಅವರ ಹತ್ತಿರವೇ ಇದೆ, ಕೀಲಿ ಕೊಟ್ಟರೆ ಓಡುತ್ತದೆ.

ಈ ಸ್ಪೀಡೋಮೀಟರನ್ನು ಒಂದು ಸುತ್ತು ಕಳಿಸುತ್ತೇನೆ. ಕೈಗೆ ಬಂದವರು ಮೊದಲು ಹಿಂಬದಿ ತಿರುಗಿಸಿ ನೋಡಿ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಹಾಂ, ಕೊನೇ ಸಾಲಿನವರು ಇದನ್ನು ವಾಪಸ್ ಮೇಜಿಗೆ ತಂದಿಡಬೇಕು, ನಕಲಿಯಾದರೂ ಇದಕ್ಕೆ ನನಗೆ ಸಾಕಷ್ಟು ಖರ್ಚಾಗಿದೆ.