ಸಮುರಾಯ್ ಕವಚ: ಹೆದೆ ಓಡುವ ಜಾಗದಿಂದ ಗುಂಡಿನ ಗುರುತಿನವರೆಗೆ

ಎಲ್ಲರಿಗೂ ನಮಸ್ಕಾರ.

ಜಪಾನಿನ ಹಳೆಯ ಯೋಧ ಸಮುರಾಯ್ ಎಂದ ಕೂಡಲೇ ನಮಗೆ ನೆನಪಾಗುವುದು ಕತ್ತಿ. ಅವರ ಹಳೆಯ ಕವಚವನ್ನು ನೋಡಿದರೆ ಕಥೆ ಬೇರೆಯೇ ಇದೆ. ಎದೆಯ ಮೇಲೆ ಚಿತ್ತಾರದ ನುಣುಪು ತೊಗಲು ಹೊದಿಸಿರುತ್ತಾರೆ. ನೋಡಲು ಚೆಂದ, ಆದರೆ ಅದಕ್ಕೊಂದು ಕೆಲಸವಿದೆ: ಬಾಣ ಬಿಟ್ಟಾಗ ಬಿಲ್ಲಿನ ಹೆದೆ ಎಲ್ಲೂ ಸಿಕ್ಕಿಕೊಳ್ಳಬಾರದು. ಹೆಸರೇ ‘ತ್ಸುರುಬಾಶಿರಿ’, ಹೆದೆ ಓಡುವ ಜಾಗ. ಸಮುರಾಯ್ ಮೊದಲಿಗೆ ಕುದುರೆ ಮೇಲಿನ ಬಿಲ್ಲುಗಾರ. ಅವನ ವಿದ್ಯೆಗೆ ‘ಬಿಲ್ಲು ಕುದುರೆಯ ದಾರಿ’ ಎಂದೇ ಹೆಸರಿತ್ತು.

ಹೆಯಾನ್ ಕಾಲದ (8ರಿಂದ 12ನೇ ಶತಮಾನ) ಈ ‘ಓ-ಯೊರೊಯ್’, ಅಂದರೆ ಮಹಾಕವಚ, ಸುಮಾರು 30 ಕಿಲೋ ತೂಗುತ್ತಿತ್ತು. ಕಬ್ಬಿಣದ, ತೊಗಲಿನ ಸಾವಿರಾರು ಸಣ್ಣ ಚಕ್ಕೆಗಳು. ಮಳೆ ಹೆಚ್ಚಿರುವ ನಾಡಿನಲ್ಲಿ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ಉರುಶಿ ಮರದ ಹಾಲಿನ ಮೆರುಗೆಣ್ಣೆ. ಎಲ್ಲವನ್ನೂ ಬಣ್ಣದ ರೇಷ್ಮೆ ಹುರಿಯಲ್ಲಿ ಹೆಣೆಯುತ್ತಿದ್ದರು. ಎರಡೂ ಕೈ ಬಿಲ್ಲಿಗೇ ಬೇಕಾದ್ದರಿಂದ ಗುರಾಣಿ ಹಿಡಿಯುವಂತಿಲ್ಲ; ಭುಜಗಳಿಗೇ ಹಲಗೆಯಂಥ ರಕ್ಷೆ ಕಟ್ಟಿಕೊಂಡರು. ಜೀನಿನ ಮೇಲೆ ಕೂತಷ್ಟು ಹೊತ್ತು ಭಾರ ತಿಳಿಯದು. ಇಳಿದರೆ ಪೂರ್ತಿ ಹೆಗಲಿಗೆ.

14ನೇ ಶತಮಾನದ ಹೊತ್ತಿಗೆ ಇಳಿಯಲೇಬೇಕಾಯಿತು. ನೆಲದ ಮೇಲಿನ ಕಾಳಗ ಹೆಚ್ಚಿತು. ಆಗ ಕಾಲಾಳುಗಳ ಹಗುರವಾದ, ಮೈಗೆ ಒಪ್ಪುವ ‘ದೋ-ಮಾರು’ ಒಡೆಯರ ಮೈಗೂ ಏರಿತು. ಆಳಿನ ಉಡುಪನ್ನು ಒಡೆಯನೇ ತೊಟ್ಟ.

1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಕೋವಿ ಬಂತು. 1575ರ ನಾಗಶಿನೊ ಕದನದಲ್ಲಿ ಸೇನಾನಾಯಕ ಓದಾ ನೊಬುನಾಗನ ಕೋವಿಗಾರರು ಬೇಲಿಯ ಮರೆಯಲ್ಲಿ ನಿಂತು ಎದುರಾಳಿ ತಕೆದಾ ಮನೆತನದ ಸೈನ್ಯವನ್ನು ನುಚ್ಚುನೂರು ಮಾಡಿದರು. ಹೆಣೆದ ರೇಷ್ಮೆಗೆ ಮೊದಲೇ ನೂರು ತಾಪತ್ರಯ: ಮಳೆಗೆ ನೆನೆದು ಭಾರವಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ತಿಂಗಳುಗಟ್ಟಲೆ ಬಿಡಾರದಲ್ಲಿದ್ದರೆ ಹೇನು ಸೇರುತ್ತದೆ. ಕೊನೆಗೆ ಗಟ್ಟಿ ಕಬ್ಬಿಣದ ತಗಡೇ ಗೆದ್ದಿತು. ಕಮ್ಮಾರರು ತಮ್ಮ ಕವಚಕ್ಕೆ ತಾವೇ ಗುಂಡು ಹೊಡೆದು, ತಗ್ಗಾದ ಗುರುತನ್ನು ಹಾಗೇ ಬಿಟ್ಟು ಮಾರುತ್ತಿದ್ದರು. ಅದಕ್ಕಿಂತ ಗ್ಯಾರಂಟಿ ಚೀಟಿ ಬೇಕೆ? ಸಾಮಾನ್ಯ ಕಾಲಾಳು ‘ಅಶಿಗರು’ವಿಗೆ ಮಾತ್ರ ಒಡೆಯನ ಲಾಂಛನ ಬರೆದ ಎರವಲು ಕವಚ.

ಸಾವಿರಾರು ಜನರ ನಡುವೆ ಇವನೇ ನಾಯಕ ಎಂದು ಗೊತ್ತಾಗುವುದು ಹೇಗೆ? ಅದಕ್ಕೇ ವಿಚಿತ್ರ ಶಿರಸ್ತ್ರಾಣಗಳು. ದಾತೆ ಮಸಮುನೆಗೆ ಬಾಗಿದ ಚಂದ್ರ. ಹೊಂಡಾ ತದಕತ್ಸುವಿನ ತಲೆಯ ಮೇಲೆ ಎತ್ತರದ ಜಿಂಕೆಕೊಂಬು. ಮುಟ್ಟಿದರೆ ಗೊತ್ತಾಗುತ್ತಿತ್ತು, ಅದು ಮೆರುಗೆಣ್ಣೆ ಬಳಿದ ಕಾಗದ.

1615ರಲ್ಲಿ ಒಸಾಕಾ ಕೋಟೆ ಬಿತ್ತು. ಆ ಯುದ್ಧದಲ್ಲಿ ಮಡಿದ ಯುವಕ ಕಿಮುರಾ ಶಿಗೆನಾರಿ, ತನ್ನ ರುಂಡ ಶತ್ರುವಿನ ಮುಂದೆ ನಾರಬಾರದೆಂದು ಶಿರಸ್ತ್ರಾಣಕ್ಕೆ ಧೂಪದ ಹೊಗೆ ಹಾಕಿಕೊಂಡು ಹೋಗಿದ್ದನೆಂಬ ಕಥೆಯಿದೆ. ನಂತರ ಎರಡೂವರೆ ಶತಮಾನ ದೊಡ್ಡ ಯುದ್ಧಗಳು ಅಪರೂಪ. ಸಮುರಾಯ್ ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆಯುವ ಗುಮಾಸ್ತನಾದ. ತಮಾಷೆಯೆಂದರೆ, ಯೋಧಧರ್ಮದ ಬಗ್ಗೆ ಉದ್ದುದ್ದ ಬರೆದದ್ದು ಈ ಕಾಲದಲ್ಲೇ. ಮೆರವಣಿಗೆಗೆಂದು ಹಳೆಯ ಓ-ಯೊರೊಯ್ ಮಾದರಿಗಳನ್ನು ಮತ್ತೆ ಮಾಡಿಸಿದ್ದೂ ಆಗಲೇ, ಕೋವಿಯ ಮುಂದೆ ನಿಲ್ಲದ ಅದೇ ರೇಷ್ಮೆ ಹೆಣಿಗೆಯಲ್ಲಿ. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೂ ನಿಷೇಧಿಸಿತು.

ಇವತ್ತಿಗೂ ಮೇ 5ರ ಮಕ್ಕಳ ಹಬ್ಬಕ್ಕೆ ಜಪಾನಿನ ಮನೆಗಳಲ್ಲಿ ಪುಟ್ಟ ಕವಚ, ಶಿರಸ್ತ್ರಾಣ ಜೋಡಿಸಿಡುತ್ತಾರೆ. ಮಕ್ಕಳು ಹಳೇ ನ್ಯೂಸ್‌ಪೇಪರ್ ಮಡಚಿ, ಎರಡು ಕೊಂಬು ನಿಲ್ಲಿಸಿ, ತಲೆಗೆ ಹಾಕಿಕೊಂಡು ಓಡಾಡುತ್ತವೆ.